ಮರ್ಜಾನ್ ಎದುರು ನಗಬಾರದು

ಹರಿಣಾಕ್ಷಿಯ ಮೊದಲ ಕೆಲಸ ಹೋದದ್ದು ನಗುವಿನಿಂದ. ಬರ್ ದುಬೈಯ ಒಂದು ಕಾರ್ಗೋ ಆಫೀಸಿನಲ್ಲಿ ಅವಳು ನಾಲ್ಕು ವರ್ಷ ಟೈಪಿಸ್ಟ್ ಆಗಿದ್ದಳು. 2007ರ ಫೆಬ್ರವರಿಯಲ್ಲಿ ಒಂದು ದಿನ ಮ್ಯಾನೇಜರು ಇಡೀ ಸ್ಟಾಫನ್ನು ಚೇಂಬರಿಗೆ ಕರೆದು ಬೈಯುತ್ತಿದ್ದಾಗ, ಅವರು ಕೂತಿದ್ದ ಚಕ್ರದ ಕುರ್ಚಿ ಉಸ್ಸೆಂದು ಗಾಳಿ ಬಿಟ್ಟು ಮೆಲ್ಲಗೆ ಕೆಳಗಿಳಿಯತೊಡಗಿತು. ಅವರಿಗೆ ಅದು ಗೊತ್ತಾಗಲಿಲ್ಲವೋ, ಗೊತ್ತಾಗಿಯೂ ಸಿಟ್ಟಿನ ಓಟ ನಿಲ್ಲಿಸಲು ಮನಸ್ಸಾಗಲಿಲ್ಲವೋ, ಬೈಯುತ್ತಲೇ ಇಳಿದರು. ಗಲ್ಲ ಮೇಜಿನ ಮಟ್ಟಕ್ಕೆ ಬಂತು. ಹನ್ನೊಂದು ಜನ ನೆಲ ನೋಡುತ್ತಾ ನಿಂತರು. ಹರಿಣಾಕ್ಷಿಗೆ ಮಾತ್ರ ಆಗಲಿಲ್ಲ.

ಅವಳ ನಗು ಹಾಗೇ. ಹೊಟ್ಟೆಯೊಳಗೆ ಬಿಕ್ಕಳಿಕೆಯಂತೆ ಹುಟ್ಟಿ, ಭುಜ ಕುಣಿಸಿ, ಕಣ್ಣಲ್ಲಿ ನೀರು ತರಿಸಿ, ಕೊನೆಗೆ ಬಾಯಿಂದ ಹೊರಗೆ ಬೀಳುವಾಗ ಪಕ್ಕದ ಅಂಗಡಿಯವರೂ ತಿರುಗಿ ನೋಡಬೇಕು. ತನ್ನ ಮದುವೆಯಲ್ಲಿ ಧಾರೆ ಎರೆಯುವ ಹೊತ್ತಿಗೆ ಪುರೋಹಿತರು ಸೀನಿದ್ದಕ್ಕೆ ನಕ್ಕು ಅತ್ತೆಯಿಂದ ಬೈಸಿಕೊಂಡವಳು ಅವಳು. ಮೇಜಿನ ಹಿಂದೆ ಮುಳುಗುತ್ತಿದ್ದ ಮ್ಯಾನೇಜರು ಮೂಗಿನ ಮಟ್ಟದಿಂದಲೇ ಬಾಗಿಲು ತೋರಿಸಿದರು. ತಿಂಗಳ ಕೊನೆಗೆ ವೀಸಾ ಕ್ಯಾನ್ಸಲ್.

ಗಂಡ ಪೃಥ್ವಿರಾಜ್ ಅಬುಧಾಬಿಯಲ್ಲಿದ್ದ. ಲಿಫ್ಟ್ ರಿಪೇರಿ ಮಾಡುವ ಕಂಪನಿಯೊಂದರಲ್ಲಿ ಸೂಪರ್‌ವೈಸರ್, ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಇತರ ಐದು ಜನರೊಂದಿಗೆ ವಾಸ. ಪ್ರತಿ ಗುರುವಾರ ಸಂಜೆ ಬಸ್ ಹಿಡಿದು ಘುಬೈಬಾ ಸ್ಟ್ಯಾಂಡಿಗೆ ಬಂದಿಳಿದು, ಶುಕ್ರವಾರ ಹೆಂಡತಿಯ ಜೊತೆ ಇದ್ದು ವಾಪಸಾಗುತ್ತಿದ್ದ. ಹೆಂಡತಿ ಎಷ್ಟು ನಗುತ್ತಾಳೋ ಅಷ್ಟೇ ಗಂಭೀರ ಮನುಷ್ಯ. ಸುದ್ದಿ ಕೇಳಿ ಬಹಳ ಹೊತ್ತು ಯೋಚಿಸಿ ಹೇಳಿದ: "ಆ ಕುರ್ಚಿಯ ಸಿಲಿಂಡರ್ ಸೀಲ್ ಹೋಗಿರಬೇಕು."

ಹರಿಣಾಕ್ಷಿ ಮತ್ತೆ ನಗತೊಡಗಿದಳು.

ಅದೇ ವಾರ ಪೇಪರಿನಲ್ಲಿ ಜಾಹೀರಾತು ಬಂತು. ಹೊಸದಾಗಿ ಆಗುತ್ತಿರುವ ಡಾಲ್ಫಿನ್ ಕೇಂದ್ರಕ್ಕೆ ಟ್ರೇನರ್ ಆಗಲು ತರಬೇತಿ ಕೊಡುತ್ತಾರೆ, ಆರು ತಿಂಗಳು. ಈಜು ಬರಬೇಕು, ಹದಿನೈದು ಕಿಲೋ ಬಕೆಟ್ ಎತ್ತಬೇಕು, ಮೀನಿನ ವಾಸನೆ ಆಗದವರು ಬರಬೇಡಿ. ಕೊನೆಯ ಸಾಲು ಓದಿ ಅವಳಿಗೆ ತನ್ನನ್ನೇ ಹೆಸರು ಹಿಡಿದು ಕರೆದ ಹಾಗಾಯಿತು. ಅವಳು ಮಲ್ಪೆಯವಳು. ಅಪ್ಪನ ದೋಣಿಯಿಂದ ಹಾರಿ ಈಜು ಕಲಿತವಳು.

ಈಜಿನ ಪರೀಕ್ಷೆಗೆ ಬಂದಿದ್ದ ನಲವತ್ತು ಜನರಲ್ಲಿ ಹೆಚ್ಚಿನವರು ಮೈಗಂಟಿದ ಈಜುಡುಗೆ ತೊಟ್ಟು ಮೀನಿನ ಹಾಗೇ ಹೊಳೆಯುತ್ತಿದ್ದರು. ಇವಳು ಗಂಡನ ಉದ್ದ ತೋಳಿನ ಟೀ ಶರ್ಟು, ಮೊಣಕಾಲು ಮುಚ್ಚುವ ಟೈಟ್ಸ್. ಒಂದೇ ಉಸಿರಿನಲ್ಲಿ ಇಪ್ಪತ್ತೈದು ಮೀಟರ್ ನೀರಿನಡಿ ಹೋಗಬೇಕಿತ್ತು. ಟೀ ಶರ್ಟು ಬಲೂನಿನಂತೆ ಉಬ್ಬಿದರೂ ಹೋದಳು. ಐದು ಮೀಟರ್ ಆಳದಿಂದ ಕಬ್ಬಿಣದ ತುಂಡು ಎತ್ತಿ ತರಬೇಕಿತ್ತು. ಅದನ್ನೂ ತಂದಳು, ಜೊತೆಗೆ ಯಾರೋ ಬೀಳಿಸಿಕೊಂಡಿದ್ದ ಕನ್ನಡಕವನ್ನೂ. ಆರು ಜನ ಆಯ್ಕೆಯಾದರು. ತರಬೇತಿ ಮುಗಿಯುವವರೆಗೆ ಟ್ರೇನಿ ವೀಸಾ. ಪಾಸಾದರೆ ಕೆಲಸ. ಆಗದಿದ್ದರೆ ಖಲಾಸ್, ಊರಿಗೆ ಟಿಕೆಟ್.

ಅಮ್ಮನಿಗೆ ಫೋನ್ ಮಾಡಿ ಹೇಳಿದಳು.

"ಹಂದಿಮೀನಾ?" ಅಂದರು ಅಮ್ಮ. "ನಮ್ಮ ಬಲೆ ಹರಿದು ಬಂಗುಡೆ ತಿಂದು ಹೋಗುವುದು ಅದೇ ಅಲ್ವಾ ಮಗಾ?"

"ಅದೇ ಅಮ್ಮಾ."

"ಅದಕ್ಕೆ ನೀನೇ ಕೈಯಾರೆ ತಿನ್ನಿಸುವುದಾ? ಅದನ್ನು ಕಲಿಸಲಿಕ್ಕೆ ಒಂದು ಶಾಲೆಯಾ?" ಆಮೇಲೆ, ಸ್ವರ ತಗ್ಗಿಸಿ: "ಅಪ್ಪನಿಗೆ ಈಗ ಹೇಳುವುದು ಬೇಡ. ಬಲೆ ಹೊಲೀತಾ ಕೂತಿದ್ದಾರೆ."

ತರಬೇತಿಯ ಮುಖ್ಯಸ್ಥೆ ಮಾರ್ಗರೆಟ್ ಮೇಡಂ. ಮಂಗಳೂರಿನ ಬೆಂದೂರಿನವರು, ಐವತ್ತರ ಹತ್ತಿರ, ಇಪ್ಪತ್ತು ವರ್ಷ ಬೇರೆ ಬೇರೆ ದೇಶಗಳಲ್ಲಿ ಡಾಲ್ಫಿನ್, ಸೀಲ್‌ಗಳೊಂದಿಗೆ ಕಳೆದವರು. ಕತ್ತರಿಸಿದ ಕೂದಲು, ಕತ್ತಿನಲ್ಲಿ ಸೀಟಿ, ಮುಖದಲ್ಲಿ ನಗು ಎಂಬ ವಸ್ತುವೇ ಇಲ್ಲ. ಮೊದಲ ದಿನವೇ ಹೇಳಿಬಿಟ್ಟರು: "ಡಾಲ್ಫಿನ್ ಮುಟ್ಟುವ ಆಸೆಯಿಂದ ಬಂದವರು ಒಂದು ತಿಂಗಳು ಅದನ್ನು ಮರೆತುಬಿಡಿ. ಯಲ್ಲಾ, ನಡೀರಿ ಅಡುಗೆಮನೆಗೆ."

ಮೀನಿನ ಅಡುಗೆಮನೆ ಆಸ್ವಾಲ್ಡ್ ಎಂಬವರ ರಾಜ್ಯ. ಅವರೂ ಕರಾವಳಿಯವರೇ, ಕಾರ್ಕಳದವರು; ಊರಿನಲ್ಲಿ ಕ್ರಿಶ್ಚಿಯನ್ ಗಂಡಸರನ್ನು ಕರೆಯುವಂತೆ ಹರಿಣಾಕ್ಷಿ ಅವರನ್ನು ಪರ್ಬುಗಳೇ ಎನ್ನುತ್ತಿದ್ದಳು. ಆರು ಜನಕ್ಕೂ ಮೊಣಕಾಲಿನ ತನಕ ರಬ್ಬರ್ ಬೂಟು ಕೊಟ್ಟು, ಹೆಪ್ಪುಗಟ್ಟಿದ ಮೀನನ್ನು ಹೇಗೆ ನಿಧಾನವಾಗಿ ಕರಗಿಸಬೇಕು, ಬಕೆಟ್ಟನ್ನು ಹೇಗೆ ಮೂರು ಸಲ ತೊಳೆಯಬೇಕು, ಯಾವ ಡಾಲ್ಫಿನ್ನಿಗೆ ಎಷ್ಟು ತೂಕ, ವಿಟಮಿನ್ ಗುಳಿಗೆಯನ್ನು ಮೀನಿನ ಕಿವಿರಿನೊಳಗೆ ಹೇಗೆ ಸಿಕ್ಕಿಸಬೇಕು ಎಂದು ಕಲಿಸಿದರು. ಹೆರಿಂಗ್ ಎಂಬ ಹೊರದೇಶದ ಮೀನನ್ನು ಎತ್ತಿ ಹಿಡಿದು ಹರಿಣಾಕ್ಷಿ, "ಪರ್ಬುಗಳೇ, ಇದು ನಮ್ಮ ಬೂತಾಯಿಯ ದೊಡ್ಡಪ್ಪನ ಮಗ ಅಲ್ವಾ?" ಅಂದಳು. ಆಸ್ವಾಲ್ಡ್ ಅದರ ಮುಖ ನೋಡಿ, "ಹೌದು, ಸ್ವಲ್ಪ ಓದಿದವನು," ಅಂದರು. ಆ ದಿನ ಒಂದು ಬಕೆಟ್ ಮೀನು ನೆಲಕ್ಕೆ ಬಿತ್ತು, ನಗುವವಳ ಕೈಯಿಂದ.

ಮೀನಿನ ವಿಷಯದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಕಣ್ಣು ಮಂಕಾದದ್ದು, ಹೊಟ್ಟೆ ಸಡಿಲಾದದ್ದು, ಎರಡು ಸಲ ಕರಗಿ ಹೆಪ್ಪುಗಟ್ಟಿದ್ದು, ಮುಟ್ಟುವ ಮೊದಲೇ ಹೇಳುತ್ತಿದ್ದಳು. ಎರಡನೇ ತಿಂಗಳು ಬರೀ ನೋಡುವುದು, ಬರೆಯುವುದು. ಮೂರನೇ ತಿಂಗಳು ಸೀಟಿ.

ಸೀಟಿಯ ಪಾಠವನ್ನು ಮಾರ್ಗರೆಟ್ ಮೇಡಂ ಡಾಲ್ಫಿನ್ ಇಲ್ಲದೆ ಶುರು ಮಾಡಿದರು. "ಡಾಲ್ಫಿನ್ನಿಗೆ ನೀವು 'ಶಾಭಾಷ್' ಅಂದರೆ ಅರ್ಥ ಆಗುವುದಿಲ್ಲ. ಅದು ಸರಿಯಾದದ್ದನ್ನು ಮಾಡಿದ ಆ ಕ್ಷಣಕ್ಕೇ ಸೀಟಿ ಊದಬೇಕು. ಸೀಟಿ ಅಂದರೆ, ಅದೇ ಸರಿ, ಬಾ, ಮೀನು ತಗೋ ಅಂತ. ಅರ್ಧ ಸೆಕೆಂಡ್ ತಡವಾದರೆ ಬೇರೆ ಏನನ್ನೋ ಕಲಿಸಿದ ಹಾಗೆ." ಆಮೇಲೆ ಒಬ್ಬರನ್ನು ಹೊರಗೆ ಕಳಿಸಿ, ಉಳಿದವರು ಸೇರಿ ಅವರಿಂದ ಏನು ಮಾಡಿಸಬೇಕೆಂದು ಗುಟ್ಟಾಗಿ ನಿರ್ಧರಿಸುವುದು, ಮಾತಿಲ್ಲ, ಬರೀ ಸೀಟಿ. ಹರಿಣಾಕ್ಷಿಯ ಸರದಿಯಲ್ಲಿ ಅವಳು ಕೋಣೆಯೊಳಗೆ ಬಂದು ಕೈ ಎತ್ತಿದಳು, ಕೂತಳು, ತಿರುಗಿದಳು. ಕಸದ ಬುಟ್ಟಿಯ ಹತ್ತಿರ ಹೋದಾಗ ಸೀಟಿ. ಮುಟ್ಟಿದಾಗ ಸೀಟಿ. ಎತ್ತಿದಾಗ ಸೀಟಿ. ಏಳು ನಿಮಿಷದಲ್ಲಿ ಬುಟ್ಟಿಯನ್ನು ತಲೆಯ ಮೇಲೆ ಕವುಚಿಕೊಂಡು ಒಂಟಿಕಾಲಿನಲ್ಲಿ ನಿಂತಿದ್ದಳು. ಬುಟ್ಟಿಯೊಳಗಿಂದ ಅವಳ ನಗು ಡ್ರಮ್ಮಿನಂತೆ ಕೇಳಿಸಿತು. ಮಾರ್ಗರೆಟ್ ಮೇಡಂ ನಗಲಿಲ್ಲ.

ನಾಲ್ಕನೇ ತಿಂಗಳು ಪ್ರತಿಯೊಬ್ಬರಿಗೂ ಒಂದೊಂದು ಡಾಲ್ಫಿನ್. ಹರಿಣಾಕ್ಷಿಗೆ ಸಿಕ್ಕವಳು ಮರ್ಜಾನ್, ಹದಿನೆಂಟು ವರ್ಷದ ಹೆಣ್ಣು, ಬಲ ರೆಕ್ಕೆಯ ತುದಿಯಲ್ಲಿ ಒಂದು ಕಚ್ಚು. ಕಲಿಸಬೇಕಾದದ್ದು ಷೋಗೆ ಬೇಕಾದ ಹಾರಾಟವಲ್ಲ. ಮರ್ಜಾನ್ ಕೊಳದ ಅಂಚಿಗೆ ಬಂದು, ಬೆನ್ನು ಕೆಳಗೆ ಮಾಡಿ ಮಲಗಿ, ಬಾಲವನ್ನು ಅವಳ ತೊಡೆಯ ಮೇಲಿಟ್ಟು, ಒಂದು ನಿಮಿಷ ಅಲ್ಲಾಡದೆ ಇರಬೇಕು. ಡಾಕ್ಟರು ಬಾಲದಿಂದ ರಕ್ತ ತೆಗೆಯಲು ಅದೊಂದೇ ಸುಲಭದ ದಾರಿ. ಇಲ್ಲದಿದ್ದರೆ ಕೊಳದ ನೀರು ಇಳಿಸಿ ಎಂಟು ಗಂಡಸರು ಹಿಡಿದುಕೊಳ್ಳಬೇಕು, ಆಗ ಆ ಜೀವಕ್ಕೆ ಆಗುವ ಹೆದರಿಕೆ ರೋಗಕ್ಕಿಂತ ದೊಡ್ಡದು.

ಬಾಲ ಮೊದಲ ಸಲ ತೊಡೆಯ ಮೇಲೆ ಬಂದ ದಿನ ಹರಿಣಾಕ್ಷಿ ಗಂಡನಿಗೆ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದಳು. "ಇವರೇ, ಬೇಯಿಸಿ ಸಿಪ್ಪೆ ಸುಲಿದ ಮೊಟ್ಟೆ ಉಂಟಲ್ಲ, ಹಾಗೇ. ನುಣ್ಣಗೆ. ಆದರೆ ಒಳಗೆ ಎಂಥಾ ಶಕ್ತಿ! ಮನಸ್ಸು ಮಾಡಿದರೆ ನನ್ನನ್ನು ಎತ್ತಿ ಗೋಡೆಗೆ ಬಿಸಾಡಬಹುದು. ಬಿಸಾಡುವುದಿಲ್ಲ!"

"ಕೆಪ್ಯಾಸಿಟಿ ಎಷ್ಟು?" ಪೃಥ್ವಿರಾಜ್ ಕೇಳಿದ.

ಐದು ಸೆಕೆಂಡು, ಹತ್ತು, ಹದಿನೈದು ಎಂದು ಹೊತ್ತು ಏರುತ್ತಾ ಹೋಗಬೇಕಿತ್ತು. ಹದಿನೈದಕ್ಕೇ ನಿಂತಿತು. ಸೀಟಿ ಊದುವ ಮೊದಲೇ ಮರ್ಜಾನ್ ಬಾಲ ಎಳೆದುಕೊಂಡು, ಪಕ್ಕನೆ ತಿರುಗಿ, ಬಾಯಿ ತೆರೆದು ಮೀನಿಗೆ ಬರುತ್ತಿದ್ದಳು. ಎರಡು ವಾರ ಹೀಗೇ ಆಯಿತು. ಮಾರ್ಗರೆಟ್ ಮೇಡಂ ಒಂದು ದಿನ ಕ್ಯಾಮರಾ ಹಿಡಿದು ಎಲ್ಲವನ್ನೂ ರೆಕಾರ್ಡ್ ಮಾಡಿ, ಆಫೀಸಿಗೆ ಕರೆದು ಟಿವಿಯಲ್ಲಿ ತೋರಿಸಿದರು.

"ನೋಡು. ಬಾಲ ಬಂತು. ನಿನಗೆ ಖುಷಿ. ಇಲ್ಲಿ ನಕ್ಕೆ. ಆಮೇಲೆ ಸೀಟಿ. ಮತ್ತೆ ನೋಡು. ನಗು, ಸೀಟಿ. ನಗು, ಸೀಟಿ."

ಹರಿಣಾಕ್ಷಿ ಬಾಯಿ ಮುಚ್ಚಿಕೊಂಡಳು. ಪರದೆಯ ಮೇಲೆ ಅವಳ ಭುಜ ಕುಣಿದ ಕೂಡಲೇ ಮರ್ಜಾನ್ ತಿರುಗುತ್ತಿದ್ದಳು. ನಗುವಾಗ ತೊಡೆ ನಡುಗುತ್ತದೆ, ತೊಡೆಯ ಮೇಲೆ ಬಾಲ. ಜಾಣ ಪ್ರಾಣಿ, ಸೀಟಿಗೆ ಕಾಯುವ ಕೆಲಸವನ್ನೇ ಬಿಟ್ಟಿತ್ತು.

"ನೀನು ಕಲಿಸಿದ್ದೀ," ಅಂದರು ಮೇಡಂ. "ತುಂಬ ಚೆನ್ನಾಗಿ ಕಲಿಸಿದ್ದೀ. ತಪ್ಪಾದದ್ದನ್ನು. ಇನ್ನು ಮೇಲೆ ಮರ್ಜಾನ್ ಎದುರು ನಗಬಾರದು."

ನಗಬಾರದು ಎಂದ ಮೇಲೆ ಕೇಳಬೇಕೇ! ಮರುದಿನ ಬೆಳಿಗ್ಗೆ ತುಟಿ ಕಚ್ಚಿ, ಉಸಿರು ಹಿಡಿದು ಕೂತಳು. ಮರ್ಜಾನ್ ಬಾಲವಿಟ್ಟಳು. ಒಂದು, ಎರಡು, ಮೂರು... ಮೂಗಿನಿಂದ ಕೊರ್ ಎಂಬ ಸದ್ದು ಬಂತು. ಮರ್ಜಾನ್ ಹಾಜರ್. ಪರೀಕ್ಷೆಗೆ ಉಳಿದದ್ದು ಹದಿನೆಂಟು ದಿನ. ಆಗದಿದ್ದರೆ ಆ ಡಾಲ್ಫಿನ್ನನ್ನು ಬೇರೆ ಟ್ರೇನಿಯೊಬ್ಬರಿಗೆ ಕೊಡುತ್ತೇನೆ ಎಂದರು ಮೇಡಂ. ಸಿಟ್ಟಿನಿಂದಲ್ಲ. ಅವರಿಗೂ ಆ ದಿನ ಊಟ ಸೇರಲಿಲ್ಲವಂತೆ.

ಅವಳು ಅಡುಗೆಮನೆಗೆ ಹೋಗಿ ಖಾಲಿ ಬಕೆಟ್ ಕವುಚಿ ಅದರ ಮೇಲೆ ಕೂತು ಅತ್ತಳು. ಆಸ್ವಾಲ್ಡ್ ಫ್ರೀಜರಿನ ಕಬ್ಬಿಣದ ಬಾಗಿಲನ್ನು ದಢಾರ್ ಎಂದು ಮುಚ್ಚಿದರು, ತೆರೆದರು, ಮುಚ್ಚಿದರು.

"ಪರ್ಬುಗಳೇ, ಇಷ್ಟು ಜೋರಾಗಿ ಬಡಿಯುತ್ತೀರಲ್ಲ, ಅವುಗಳಿಗೆ ಹೆದರಿಕೆ ಆಗುವುದಿಲ್ವಾ?"

"ದಿನಕ್ಕೆ ಇನ್ನೂರು ಸಲ ಬಡಿಯುತ್ತೇನೆ ಮಾರಾಯ್ತಿ. ಶುರುವಿನಲ್ಲಿ ಎಲ್ಲ ಓಡಿ ಬರುತ್ತಿದ್ದವು, ಮೀನು ಬಂತು ಅಂತ. ಬಾಗಿಲು ಬಡಿದದ್ದಕ್ಕೆ ಯಾರು ಮೀನು ಕೊಡ್ತಾರೆ? ಈಗ ಒಂದೂ ತಿರುಗಿ ನೋಡುವುದಿಲ್ಲ."

ಹರಿಣಾಕ್ಷಿ ಎದ್ದು ನಿಂತಳು. ಕೆನ್ನೆಯ ಮೇಲಿನ ನೀರನ್ನೂ ಒರೆಸದೆ ಆಫೀಸಿಗೆ ಓಡಿದಳು. ರಬ್ಬರ್ ಬೂಟಿನ ಪಚಪಚ ಸದ್ದಿನೊಂದಿಗೆ ಒಳಗೆ ನುಗ್ಗಿ ಹೇಳಿದಳು: "ಮೇಡಂ, ನಾನು ನಗು ನಿಲ್ಲಿಸುವುದು ಬೇಡ. ಹೆಚ್ಚು ನಗುತ್ತೇನೆ! ದಿನವಿಡೀ ನಗುತ್ತೇನೆ, ಮೀನು ಕೊಡುವುದಿಲ್ಲ. ಸೀಟಿಗೆ ಮಾತ್ರ ಮೀನು. ಆಗ ನಗು ಬರೀ ಬಾಗಿಲಿನ ಸದ್ದು."

ಮಾರ್ಗರೆಟ್ ಮೇಡಂ ಪೆನ್ನು ಕೆಳಗಿಟ್ಟರು. "ಪುಸ್ತಕದಲ್ಲಿ ಇದು ಉಂಟು," ಅಂದರು ನಿಧಾನವಾಗಿ. "ನೀನು ಓದಿದ್ದೀಯಾ?"

"ಇಲ್ಲ ಮೇಡಂ. ಆಸ್ವಾಲ್ಡ್ ಪರ್ಬುಗಳು ಬಾಗಿಲು ಬಡಿದರು."

"ಹತ್ತು ದಿನ ಕೊಡುತ್ತೇನೆ. ಶುರು ಮಾಡು."

ಶುರು ಮಾಡಲು ಹೋದಾಗ ಆದದ್ದೇ ಬೇರೆ. ಕೊಳದ ಅಂಚಿನಲ್ಲಿ ಕೂತು ನಗಬೇಕು ಎಂದು ಬಾಯಿ ತೆರೆದಳು. ನಗು ಬರಲಿಲ್ಲ! ಮೂವತ್ತೊಂದು ವರ್ಷ ಬೇಡದ ಕಡೆಯೆಲ್ಲ ಬಂದದ್ದು, ಬೇಕು ಎಂದ ದಿನ ಎಲ್ಲಿಗೋ ಹೋಗಿತ್ತು. "ಹ್ಹ ಹ್ಹ ಹ್ಹ," ಎಂದು ಬಲವಂತ ಮಾಡಿದಳು. ಮರ್ಜಾನ್ ತಲೆ ಎತ್ತಿ ಒಂದು ಕಣ್ಣಿನಿಂದ ಅವಳನ್ನು ನೋಡಿ, ಇದು ಅದಲ್ಲ ಎಂಬಂತೆ ಬಾಲ ಅಲ್ಲೇ ಇಟ್ಟುಕೊಂಡಳು. ಸುಳ್ಳು ನಗುವಿನಿಂದ ಪಾಠವಾಗುವುದಿಲ್ಲ. ನಿಜದ್ದು ಬೇಕು. ಉಳಿದ ಟ್ರೇನಿಗಳು ಜೋಕು ಹೇಳಿದರು, ಕೋತಿಯಂತೆ ಕುಣಿದರು, ಒಬ್ಬ ಬೇಕೆಂದೇ ನೀರಿಗೆ ಬಿದ್ದ. ಪಾಪ ಅನ್ನಿಸಿತೇ ಹೊರತು ನಗು ಬರಲಿಲ್ಲ. ಬುಧವಾರ ರಾತ್ರಿ ಗಂಡನಿಗೆ ಫೋನ್ ಮಾಡಿ, "ನಾಳೆ ಹೇಗೂ ಬರುತ್ತೀರಲ್ಲ, ಶುಕ್ರವಾರ ನನ್ನ ಜೊತೆ ಕೊಳಕ್ಕೆ ಬರಬೇಕು," ಅಂದಳು.

"ನಾನು ಬಂದು ಎಂತ ಮಾಡಲಿ? ನನಗೆ ಜೋಕು ಬರುವುದಿಲ್ಲ."

"ಅದಕ್ಕೇ ಬನ್ನಿ."

ಶುಕ್ರವಾರ ಬೆಳಿಗ್ಗೆ ಪೃಥ್ವಿರಾಜ್ ಇಸ್ತ್ರಿ ಮಾಡಿದ ಅಂಗಿ, ಕಪ್ಪು ಬೂಟು ಹಾಕಿಕೊಂಡು ಕೊಳದ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ. ಮರ್ಜಾನ್‌ಗೆ ತಲೆ ಬಾಗಿಸಿ ನಮಸ್ಕಾರ ಮಾಡಿದ. ಹರಿಣಾಕ್ಷಿಯ ತೊಡೆಯ ಮೇಲೆ ಬಾಲ ಬಂತು. "ಏನಾದರೂ ಮಾತಾಡಿ," ಅಂದಳು.

ಅವನು ಗಂಟಲು ಸರಿಮಾಡಿಕೊಂಡ. ಇವರಿಬ್ಬರ ಮಾತು ಯಾವಾಗಲೂ ತುಳುವಿನಲ್ಲೇ. "ಹೋದ ಈದ್‌ನಲ್ಲಿ ಒಂದು ಕಂಪ್ಲೇಂಟ್ ಬಂದಿತ್ತು. ಹಮ್ದಾನ್ ಸ್ಟ್ರೀಟಿನ ಒಂದು ಬಿಲ್ಡಿಂಗ್. ಲಿಫ್ಟ್ ಒಂಬತ್ತನೇ ಮಹಡಿಯಲ್ಲಿ ನಿಂತಿತ್ತು. ನಾನು ಇಂಟರ್‌ಕಾಮಿನಲ್ಲಿ, ಗಾಬರಿಯಾಗಬೇಡಿ, ಒಳಗೆ ಎಷ್ಟು ಜನ ಇದ್ದೀರಿ ಅಂತ ಕೇಳಿದೆ."

"ಹ್ಞೂಂ?"

"'ಮೇ' ಅಂದರು."

ಹರಿಣಾಕ್ಷಿಯ ಹೊಟ್ಟೆಯೊಳಗೆ ಏನೋ ಅಲುಗಿತು.

"ನನಗೆ ಭಾಷೆ ಗೊತ್ತಾಗಲಿಲ್ಲ. ಹಿಂದಿಯಲ್ಲಿ ಕೇಳಿದೆ, ಅರಬ್ಬಿಯಲ್ಲಿ ಕೇಳಿದೆ. ಎಲ್ಲದಕ್ಕೂ ಮೇ. ಉಸಿರಾಟದ ತೊಂದರೆ ಇರಬೇಕು ಅಂತ ಆಂಬುಲೆನ್ಸಿಗೆ ಫೋನ್ ಮಾಡಿದೆ. ಬಾಗಿಲು ತೆರೆದರೆ ಒಂದು ಆಡು. ಒಂದೇ ಆಡು. ಯಜಮಾನರು ಅದನ್ನು ಒಳಗೆ ನಿಲ್ಲಿಸಿ ಬಟನ್ ಒತ್ತಿ, ಚಪ್ಪಲಿ ತರಲು ಹೋಗಿದ್ದಾರೆ. ಬಾಗಿಲು ಮುಚ್ಚಿಕೊಂಡಿದೆ." ಪೃಥ್ವಿರಾಜ್ ಕನ್ನಡಕ ಸರಿಮಾಡಿದ. "ನನಗೆ ಕಷ್ಟ ಆದದ್ದು ರಿಪೋರ್ಟಿನಲ್ಲಿ. ಸಿಕ್ಕಿಬಿದ್ದವರ ಹೆಸರು ಎಂಬ ಕಾಲಂ ಉಂಟು. ಖಾಲಿ ಬಿಡುವ ಹಾಗಿಲ್ಲ."

ಅಷ್ಟೇ. ಭುಜ ಕುಣಿಯಿತು, ತೊಡೆ ನಡುಗಿತು, ಕೊಳದ ನೀರೆಲ್ಲ ನಡುಗಿದಂತೆ ನಗು ಹೊರಬಿತ್ತು. ಮರ್ಜಾನ್ ತಟ್ಟನೆ ತಿರುಗಿ ಬಾಯಿ ತೆರೆದಳು. ಮೀನು ಇಲ್ಲ. ಕಾದಳು. ಮೀನು ಇಲ್ಲ. ಅವಳು ಬಾಯಿ ಮುಚ್ಚಿದ ಪರಿ ನೋಡಿ ಹರಿಣಾಕ್ಷಿ ಇನ್ನಷ್ಟು ನಕ್ಕಳು. "ಮುಂದೆ ಹೇಳಿ! ಎಂತ ಬರೆದಿರಿ?"

"'ಮಾಹಿತಿ ಕೊಡಲು ನಿರಾಕರಿಸಿದರು' ಅಂತ."

ಆ ಶುಕ್ರವಾರ ಅವಳು ಮೂವತ್ತೇಳು ಸಲ ನಕ್ಕಳೆಂದು ಮೇಡಂ ಪುಸ್ತಕದಲ್ಲಿ ಬರೆದುಕೊಂಡರು. ಇಪ್ಪತ್ತರ ನಂತರ ಮರ್ಜಾನ್ ತಡವಾಗಿ ತಿರುಗತೊಡಗಿದಳು. ಕೊನೆಯ ಮೂರರಲ್ಲಿ ತಿರುಗಲೇ ಇಲ್ಲ. ಪೃಥ್ವಿರಾಜ್ ವಾರದ ನಡುವೆ ಎರಡು ದಿನ ರಜೆ ಹಾಕಿ ಬಂದ. ಲಿಫ್ಟಿನ ಎಲ್ಲ ಕಥೆಗಳೂ ಮುಗಿದ ಮೇಲೆ ಸುರಕ್ಷತಾ ನಿಯಮಗಳನ್ನು ಓದಿದ. ಅವನಿಗೆ ತಾನು ಏನು ಮಾಡುತ್ತಿದ್ದೇನೆ ಎಂದು ಪೂರ್ತಿ ಅರ್ಥವಾಗಿರಲಿಲ್ಲ, ಆದರೆ ಹೆಂಡತಿಗೆ ಉಪಯೋಗವಾಗುತ್ತಿದೆ ಎಂಬುದು ಗೊತ್ತಿತ್ತು. ಹದಿನೈದು ಸೆಕೆಂಡು ಮೂವತ್ತಾಯಿತು, ಐವತ್ತಾಯಿತು.

ಪರೀಕ್ಷೆಯ ಮಂಗಳವಾರ ಬೆಳಿಗ್ಗೆ ಮರ್ಜಾನ್ ಎರಡು ಹೆರಿಂಗ್ ಬಿಟ್ಟಳು. ಬಾಯಿಗೆ ತೆಗೆದುಕೊಂಡು ಉಗುಳಿದಳು. ಹರಿಣಾಕ್ಷಿ ಮೀನಿನ ಕಣ್ಣು ನೋಡಿದಳು, ಕಿವಿರು ನೋಡಿದಳು, ಮೀನಿನದು ತಪ್ಪಿಲ್ಲ. ಓಡಿ ಹೋಗಿ ಮೇಡಂಗೆ ಹೇಳಿದಳು. ಡಾಕ್ಟರು ಬಂದರು. ಎತ್ತರದ, ಬಿಳಿ ಗಡ್ಡದ ಮನುಷ್ಯ, ಮಾತು ಕಡಿಮೆ.

"ಇವತ್ತು ಪರೀಕ್ಷೆಯ ನಾಟಕದ ಸೂಜಿ ಬೇಡ," ಅಂದರು. "ನಿಜವಾಗಿ ರಕ್ತ ಬೇಕು. ಇವಳು ಹಿಡಿಯಬಲ್ಲಳಾ?"

ಮಾರ್ಗರೆಟ್ ಮೇಡಂ ಹರಿಣಾಕ್ಷಿಯ ಮುಖ ನೋಡಿದರು. "ಹಿಡಿಯುತ್ತಾಳೆ."

ಅವಳು ಅಂಚಿನಲ್ಲಿ ಕೂತು ಕೈ ಸನ್ನೆ ಮಾಡಿದಳು. ಮರ್ಜಾನ್ ನಿಧಾನವಾಗಿ ಬಂದು ಬೆನ್ನು ಕೆಳಗೆ ಮಾಡಿ ಬಾಲವನ್ನು ತೊಡೆಗೆ ಒಪ್ಪಿಸಿದಳು. ಎಂದಿನಂತೆ ತಂಪಾಗಿರಲಿಲ್ಲವೋ, ತನ್ನ ಕೈಯೇ ತಣ್ಣಗಾಗಿತ್ತೋ. ಅವಳಿಗೆ ಆ ಹೊತ್ತು ನಗುವಿನ ನೆನಪೂ ಇರಲಿಲ್ಲ. ಡಾಕ್ಟರು ಒರೆಸಿದರು, ನರ ಹುಡುಕಿದರು, ಸೂಜಿ ಇಳಿಸಿದರು. ಕೊಳವೆಯಲ್ಲಿ ಕೆಂಪು ಏರತೊಡಗಿತು.

ಆಗ ಡಾಕ್ಟರ ಜೇಬಿನಿಂದ ಅವರ ಹೊಸ ಮೊಬೈಲು, ಯಂತ್ರದ ದೊಡ್ಡ ಸ್ವರದಲ್ಲಿ, ಇಡೀ ಸಭಾಂಗಣಕ್ಕೆ ಕೇಳುವಂತೆ, ಕರೆ ಮಾಡಿದವರ ಹೆಸರು ಕೂಗಿತು: "ಮದರ್... ಇನ್... ಲಾ. ಮದರ್... ಇನ್... ಲಾ."

ಡಾಕ್ಟರ ಎರಡೂ ಕೈ ಕೆಲಸದಲ್ಲಿ. ಮುಖ ಕಲ್ಲು. "ಮದರ್... ಇನ್... ಲಾ."

ಮೊದಲು ನಕ್ಕವರು ಹರಿಣಾಕ್ಷಿಯಲ್ಲ. ಮಾರ್ಗರೆಟ್ ಮೇಡಂ. ಆರು ತಿಂಗಳಲ್ಲಿ ಯಾರೂ ಕೇಳದ ಒಂದು ಕೀಚಲು ಸದ್ದು ಅವರ ಮೂಗಿನಿಂದ ಹೊರಟು, ಅವರು ಎರಡೂ ಕೈಯಿಂದ ಬಾಯಿ ಮುಚ್ಚಿ ಕಂಬಕ್ಕೆ ಒರಗಿದರು. ಅದನ್ನು ನೋಡಿದ ಮೇಲೆ ಹರಿಣಾಕ್ಷಿಯ ಕಥೆ ಮುಗಿಯಿತು. ಹೊಟ್ಟೆ, ಭುಜ, ತೊಡೆ, ಎಲ್ಲ ಒಟ್ಟಿಗೆ ಕುಲುಕಿದವು. ಕಣ್ಣೀರು ಧಾರೆಯಾಗಿ ಬಾಲದ ಮೇಲೆ ಬಿತ್ತು.

ಮರ್ಜಾನ್ ಅಲ್ಲಾಡಲಿಲ್ಲ.

"ಮಾಫಿ ಮುಷ್ಕಿಲ್, ಏನೂ ತೊಂದರೆಯಿಲ್ಲ," ಅಂದರು ಡಾಕ್ಟರು, ಸೂಜಿ ಹೊರತೆಗೆದು. "ಆಯಿತು."

ಈಗ ಸೀಟಿ ಊದಬೇಕು. ನಗುತ್ತಿರುವವಳಿಗೆ ಉಸಿರೆಲ್ಲಿ? ಮೊದಲ ಸಲ ಗಾಳಿ ಮಾತ್ರ, ಎರಡನೇ ಸಲ ಎಂಜಲು. ಮೂರನೇ ಸಲ ಒಂದು ತೆಳ್ಳಗಿನ ಪೀ ಎಂಬ ಸದ್ದು ಬಂತು. ಮರ್ಜಾನ್ ಕೂಡಲೇ ತಿರುಗಿ ಬಂದಳು, ಮೂರು ಮೀನಿನಲ್ಲಿ ಎರಡನ್ನು ನುಂಗಿದಳು.

ಸಂಜೆ ವರದಿ ಬಂತು. ಸಣ್ಣ ಸೋಂಕು, ಬೇಗ ಗೊತ್ತಾದದ್ದು ಒಳ್ಳೆಯದಾಯಿತು ಎಂದರು. ಹತ್ತು ದಿನ ಹರಿಣಾಕ್ಷಿ ಮೀನಿನ ಕಿವಿರಿನೊಳಗೆ ಗುಳಿಗೆ ಸಿಕ್ಕಿಸಿ, ಮರ್ಜಾನ್ ಉಗುಳದಂತೆ ಕಾದು, ತಿಂದದ್ದನ್ನು ಬರೆದಳು. ಮೊದಲ ಮೂರು ದಿನ ಅರ್ಧ ಬಕೆಟ್. ಆರನೇ ದಿನ ಮುಕ್ಕಾಲು. ಹನ್ನೊಂದನೇ ದಿನ ಬಕೆಟ್ ಖಾಲಿ ಮಾಡಿ ಮರ್ಜಾನ್ ಬಕೆಟ್ಟನ್ನೇ ನೀರಿಗೆ ಎಳೆದುಕೊಂಡಳು.

ಆ ಮಧ್ಯಾಹ್ನ ಮಾರ್ಗರೆಟ್ ಮೇಡಂ ಒಂದು ಈಜುಡುಗೆಯ ಪ್ಯಾಕೆಟ್ ತಂದು ಅವಳ ಕೈಗಿಟ್ಟರು. ಉದ್ದ ತೋಳು, ಉದ್ದ ಕಾಲು, ಎದೆಯ ಮೇಲೆ ಟ್ರೇನರ್ ಎಂದು ಹೊಲಿದಿತ್ತು. ಟ್ರೇನಿಗಳು ಅಲ್ಲಿಯವರೆಗೆ ಡಾಲ್ಫಿನ್ ಜೊತೆ ನೀರಿಗೆ ಇಳಿಯುವ ಹಾಗಿರಲಿಲ್ಲ.

"ಎಂತ ನೋಡ್ತಾ ನಿಂತೆ? ಯಲ್ಲಾ, ಇಳಿ."

ಹರಿಣಾಕ್ಷಿ ಇಳಿದಳು. ಮರ್ಜಾನ್ ಪಕ್ಕಕ್ಕೆ ಬಂದು ಬೆನ್ನಿನ ರೆಕ್ಕೆ ಕೊಟ್ಟಳು. ಹಿಡಿದದ್ದಷ್ಟೇ ಗೊತ್ತು. ನೀರು ಎರಡು ಭಾಗವಾಗಿ ಹಿಂದಕ್ಕೆ ಹಾರಿತು, ಕೊಳದ ಗೋಡೆ ಓಡಿತು, ಆಸ್ವಾಲ್ಡ್ ಅಡುಗೆಮನೆಯ ಬಾಗಿಲಲ್ಲಿ ಒಂದು ಗೆರೆಯಾಗಿ ಕಂಡು ಮಾಯವಾದರು. ಒಂದು ಸುತ್ತು. "ಅಮ್ಮಾ!" ಎಂದು ಕೂಗಿದಳು. ಎರಡನೇ ಸುತ್ತು. ಬಾಯಿಗೆ ಉಪ್ಪುನೀರು ನುಗ್ಗಿತು. ಮೂರನೇ ಸುತ್ತಿಗೆ ಮೇಡಂ ಸಾಕು ಎಂದು ಸನ್ನೆ ಮಾಡುತ್ತಿದ್ದುದು ಕಂಡಿತು. ಆದರೆ ಮರ್ಜಾನ್ ಆ ಕಡೆ ನೋಡಲಿಲ್ಲ, ಹರಿಣಾಕ್ಷಿಯೂ ಮತ್ತೆ ನೋಡಲಿಲ್ಲ.